ನಮ್ಮ ಮನೆಯ ಹೆಬ್ಬಾವು: ಪ್ರೆಗ್ನೆನ್ಸಿ ಪಿಲ್ಲೋ ಜೊತೆ 14 ತಿಂಗಳು

ಮಂಚದ ಅಗಲ ಅಳೆಯದೆ ಈ ದಿಂಬು ಕೊಳ್ಳಬೇಡಿ. ನಾವು ಅಳೆಯಲಿಲ್ಲ. ನಮ್ಮದು ನಾಲ್ಕು ಅಡಿ ಅಗಲದ ಮಂಚ, ಮದುವೆಗೆ ಅಪ್ಪ ಮಾಡಿಸಿಕೊಟ್ಟಿದ್ದು. ನನ್ನನ್ನೂ ಸೇರಿಸಿ ದಿಂಬಿಗೆ ಎರಡೂವರೆ ಅಡಿ ಬೇಕು. ಉಳಿದ ಒಂದೂವರೆ ಅಡಿಯಲ್ಲಿ ನನ್ನ ಗಂಡ. ದಿಂಬು ಬಂದ ದಿನ ಹಲ್ಲಿ ಥರ ಗೋಡೆಗೆ ಅಂಟಿಕೊಂಡು ಮಲಗಿದ್ದರು. ಮಾರನೇ ದಿನ ಮಾತೇ ಆಡದೆ ಅಟ್ಟದಿಂದ ಚಾಪೆ ಇಳಿಸಿದರು. ಅದಕ್ಕೆ ಹೆಬ್ಬಾವು ಅಂತ ಹೆಸರಿಟ್ಟಿದ್ದೂ ಅವರೇ.

ಇದು ಇಂಗ್ಲಿಷಿನ ಯು ಅಕ್ಷರದ ಆಕಾರದ್ದು. ಉದ್ದ ಸುಮಾರು ಐದು ಅಡಿ. ಮೇಲಿನ ಬಾಗಿನಲ್ಲಿ ತಲೆ ಇಟ್ಟರೆ ಒಂದು ತೋಳು ಬೆನ್ನಿಗೆ ಬರುತ್ತದೆ, ಇನ್ನೊಂದು ಹೊಟ್ಟೆಗೂ ಮಂಡಿಗಳ ನಡುವೆಗೂ ಬರುತ್ತದೆ. ಒಳಗೆ ಫೈಬರ್, ಮೇಲೆ ಜಿಪ್ ಇರುವ ವೆಲ್ವೆಟ್ ಕವರ್. ಆನ್‌ಲೈನಿನಲ್ಲಿ 1,649 ರೂಪಾಯಿ ಬಿತ್ತು. ಕಂಪನಿ ಯಾವುದು ಅಂತ ಕೇಳಬೇಡಿ, ಈ ರೇಟಿನಲ್ಲಿ ಸಿಗೋವೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ.

ನಮ್ಮ ಮನೆ ಬೆಂಗಳೂರಿನ ವಿಜಯನಗರದಲ್ಲಿ, ಎರಡನೇ ಮಹಡಿ. ಒಂದು ರೂಮು, ಒಂದು ಹಾಲು, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕಾದ ಅಡುಗೆಮನೆ. ಆಗ ನಾನು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿ ಅರ್ಥಶಾಸ್ತ್ರ ಎಂ.ಎ., ಮೂರನೇ ಸೆಮಿಸ್ಟರ್. ಇವರು ಪೀಣ್ಯದಲ್ಲಿ ಶಿಫ್ಟ್ ಕೆಲಸ ಮಾಡುತ್ತಾ ಸರ್ಕಾರಿ ಕೆಲಸದ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದರು. ವಿಜಯನಗರ ಗೊತ್ತಲ್ಲ, ಬೀದಿಗೊಂದು ಕೋಚಿಂಗ್ ಸೆಂಟರ್. ನಮ್ಮ ಮೇಲಿನ ಮನೆಯಲ್ಲಿ ನಾಲ್ಕು ಹುಡುಗರು ಕೆಎಎಸ್‌ಗೆ ಓದುತ್ತಿದ್ದರು. ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಎದ್ದರೂ ಅವರ ಕಿಟಕಿಯ ಬೆಳಕು ಎದುರು ಗೋಡೆಗೆ ಬಿದ್ದಿರುತ್ತಿತ್ತು. ಬಸುರಿಗೆ ಅದೊಂದು ಧೈರ್ಯ, ನಾನೊಬ್ಬಳೇ ಎದ್ದಿಲ್ಲ ಅಂತ.

ಐದನೇ ತಿಂಗಳಿಗೆ ಸೊಂಟ ನೋವು ಶುರುವಾಯಿತು. ಮೆಟ್ರೋದಲ್ಲೇನೋ ಯಾರಾದರೂ ಸೀಟು ಬಿಡುತ್ತಾರೆ. ಜ್ಞಾನಭಾರತಿ ಸ್ಟೇಷನ್ನಿನಲ್ಲಿ ಇಳಿದ ಮೇಲಿನ ದಾರಿಯೇ ಕಷ್ಟ. ಸಾವಿರ ಎಕರೆಗೂ ಜಾಸ್ತಿ ಇರುವ ಕ್ಯಾಂಪಸ್ ಅದು, ಬಸ್ಸು ತಪ್ಪಿದರೆ ನಡಿಗೆಯೇ ಗತಿ. ಸಂಜೆ ಮನೆಗೆ ಬಂದು ಮಲಗಿದರೆ ಯಾವ ಮಗ್ಗುಲೂ ಸರಿಹೋಗುತ್ತಿರಲಿಲ್ಲ. ಚೆಕಪ್ಪಿಗೆ ಹೋದಾಗ ಡಾಕ್ಟರ್ ಹೇಳಿದರು: 28 ವಾರ ಆದ ಮೇಲೆ ಅಂಗಾತ ಮಲಗೋದು ಬೇಡ, ಮಗ್ಗುಲಾಗಿ ಮಲಗಮ್ಮ. ಕಾಲಿನಿಂದ ಹೃದಯಕ್ಕೆ ರಕ್ತ ವಾಪಸ್ ಒಯ್ಯುವ ದೊಡ್ಡ ರಕ್ತನಾಳ ಬೆನ್ನುಮೂಳೆಯ ಬಲಪಕ್ಕದಲ್ಲಿ ಹೋಗುತ್ತದಂತೆ. ಅಂಗಾತ ಮಲಗಿದರೆ ಗರ್ಭಕೋಶದ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಎಡಮಗ್ಗುಲೇ ಆಗಬೇಕಾ ಅಂತ ಕೇಳಿದೆ. ಎಡವಾದರೂ ಸರಿ, ಬಲವಾದರೂ ಸರಿ, ನಿದ್ದೆಯಲ್ಲಿ ಅಂಗಾತ ಆಗಿದ್ದರೆ ಗಾಬರಿಬೀಳದೆ ಮತ್ತೆ ಮಗ್ಗುಲಾದರೆ ಸಾಕು ಅಂದರು. ಇದನ್ನು ಯಾಕೆ ಬರೆದೆ ಅಂದರೆ, ಎಡಮಗ್ಗುಲಲ್ಲದೆ ಬೇರೆ ಕಡೆ ತಿರುಗಿದರೆ ಏನೋ ಆಗಿಬಿಡುತ್ತೆ ಅಂತ ಹೆದರಿಸುವವರು ನಮ್ಮ ಸುತ್ತ ಜಾಸ್ತಿ.

ಅಮ್ಮ ತಿಪಟೂರಿನಿಂದ ಫೋನಿನಲ್ಲೇ ಉಪಾಯ ಹೇಳಿದರು. "ಅದಕ್ಯಾಕೆ ದುಡ್ಡು ಹಾಕ್ತೀಯ? ಎರಡು ಹಳೇ ಸೀರೆ ಸುತ್ತಿ ದಿಂಬಿನ ಚೀಲಕ್ಕೆ ತುರುಕಿ ಕಾಲ ಮಧ್ಯೆ ಇಟ್ಕೊ." ಮಾಡಿದೆ. ಹನ್ನೊಂದಕ್ಕೆ ಇಟ್ಟುಕೊಂಡಿದ್ದು ಒಂದು ಗಂಟೆಗೆ ಮಂಚದ ಕೆಳಗೆ. ಅಷ್ಟರಲ್ಲಿ ಮಾತೃವಂದನಾ ಯೋಜನೆಯ ಮೊದಲ ಕಂತು 3,000 ರೂಪಾಯಿ ನನ್ನ ಖಾತೆಗೆ ಬಂತು. ಅಂಗನವಾಡಿ ಟೀಚರ್ ಕೂತು ಅರ್ಜಿ ತುಂಬಿಸಿದ್ದರು. ಇವರು ದಾಳಿಂಬೆ, ಖರ್ಜೂರ ಅಂತ ಪಟ್ಟಿ ಹೇಳುತ್ತಿದ್ದರು. ನಾನು ಸುಮ್ನೆ ದಿಂಬು ಆರ್ಡರ್ ಮಾಡಿಬಿಟ್ಟೆ.

ಪಾರ್ಸೆಲ್ ನೋಡಿ ಮೋಸ ಹೋದೆವು ಅಂದುಕೊಂಡೆವು. ಗಾಳಿ ತೆಗೆದು ಒತ್ತಿ ಸುತ್ತಿರುತ್ತಾರೆ, ಸುತ್ತಿಟ್ಟ ಹಪ್ಪಳದ ಹಿಟ್ಟಿನ ಥರ ಇತ್ತು. ಬಿಚ್ಚಿ ಒಂದು ಹಗಲು ಒಂದು ರಾತ್ರಿ ಬಿಟ್ಟರೆ ಉಬ್ಬುತ್ತದೆ. ಬಂದ ದಿನವೇ ಮಲಗಿ ಕೆಟ್ಟ ರಿವ್ಯೂ ಹಾಕಬೇಡಿ. ಆದರೆ ಜಿಪ್ಪಿನ ವಿಷಯಕ್ಕೆ ಕೆಟ್ಟ ರಿವ್ಯೂ ಹಾಕಲೇಬೇಕು. ಮೊದಲು ಬಂದದ್ದರಲ್ಲಿ ಜಿಪ್ಪಿನ ಹಲ್ಲು ಅರ್ಧಕ್ಕೇ ಬಿಟ್ಟಿತ್ತು. ಬದಲಿಸಿ ಕೊಡಲು ಒಂಬತ್ತು ದಿನ ಆಯಿತು. ಮಧ್ಯೆ ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಫೋಟೋ ಕಳಿಸಿ ಅಂದರು. ಮೂರೂ ಸಲ ಅದೇ ಫೋಟೋ ಕಳಿಸಿದೆ.

ಈಗ ನಿದ್ದೆಯ ವಿಷಯ. ಆರನೇ ತಿಂಗಳಿಂದ ಎಂಟನೇ ತಿಂಗಳವರೆಗೆ ನಿಜವಾಗಲೂ ಚೆನ್ನಾಗಿತ್ತು. ಮಂಡಿಗಳ ನಡುವೆ ಎತ್ತರ ಸಿಕ್ಕಿದ ಮೇಲೆ ಸೊಂಟದ ಎಳೆತ ಒಂದೇ ವಾರದಲ್ಲಿ ಅರ್ಧಕ್ಕೆ ಇಳಿಯಿತು. ಬೆನ್ನ ಹಿಂದಿನ ತೋಳು ಅಂಗಾತ ಆಗಲು ಬಿಡುತ್ತಿರಲಿಲ್ಲ. ಎದೆಯುರಿ ಬಂದ ರಾತ್ರಿ ತಲೆಯ ಕಡೆಯ ಬಾಗನ್ನು ಮಡಚಿ ಎತ್ತರ ಮಾಡಿಕೊಂಡರೆ ಹುಳಿತೇಗು ಕಮ್ಮಿಯಾಗುತ್ತಿತ್ತು. ಇನ್ನೊಂದು ಅನುಕೂಲ, ಮಗ್ಗುಲು ಬದಲಿಸಿದರೆ ದಿಂಬನ್ನು ಎತ್ತಿ ಆಚೆ ಇಡಬೇಕಿಲ್ಲ. ಎರಡೂ ಕಡೆ ತೋಳಿದೆಯಲ್ಲ. ಸಿ ಆಕಾರದ್ದಕ್ಕೆ ಒಂದೇ ತೋಳು, ಜಾಗ ಕಮ್ಮಿ ಸಾಕು, ಆದರೆ ಪ್ರತಿ ಸಲ ಅದನ್ನೂ ಎತ್ತಿಕೊಂಡು ತಿರುಗಬೇಕು. ಕ್ಲಾಸ್‌ಮೇಟ್ ಒಬ್ಬಳ ಹತ್ತಿರ ಇತ್ತು, ನೋಡಿದ್ದೆ.

ಏಳೋದು ಮಾತ್ರ ಒಂದು ಕಸರತ್ತು. ಒಂಬತ್ತನೇ ತಿಂಗಳಲ್ಲಿ ರಾತ್ರಿ ನಾಲ್ಕೈದು ಸಲ ಬಾತ್‌ರೂಮು. ಮೊದಲು ಮುಂದಿನ ತೋಳನ್ನು ಕಾಲಿಂದ ಒದ್ದು ಕೆಳಗೆ ತಳ್ಳಬೇಕು. ಆಮೇಲೆ ಮೊಣಕೈ ಊರಿ, ಹೊಟ್ಟೆ ಹಿಡಿದುಕೊಂಡು, ಗುಂಡಿಯಿಂದ ಹತ್ತುವ ಹಾಗೆ ಏಳಬೇಕು. ಕೆಳಗೆ ಚಾಪೆಯ ಮೇಲೆ ಗಂಡ. ಕತ್ತಲಲ್ಲಿ ಎರಡು ಸಲ ಅವರ ಕೈ ತುಳಿದಿದ್ದೇನೆ. "ಬಲಕ್ಕೆ ಹೋಗು ಕಣೇ" ಅಂತ ನಿದ್ದೆಗಣ್ಣಲ್ಲೇ ಹೇಳುತ್ತಿದ್ದರು.

ಆದರೆ ದಿಂಬು ನನಗೆ ದುಡಿದುಕೊಟ್ಟಿದ್ದು ಓದಿನಲ್ಲಿ. ಕಂಪನಿಯವರ ಜಾಹೀರಾತಿನಲ್ಲಿ ಈ ಮಾತೇ ಇರಲಿಲ್ಲ.

ನಮ್ಮ ಮನೆಯಲ್ಲಿ ಇರೋದು ಒಂದೇ ಟೇಬಲ್, ಅದರ ಮೇಲೆ ಮಿಕ್ಸಿ. ಅಲ್ಲಿಯವರೆಗೆ ನಾವಿಬ್ಬರೂ ನೆಲದಲ್ಲೇ ಕೂತು ಓದುತ್ತಿದ್ದೆವು. ಏಳು ತುಂಬಿದ ಮೇಲೆ ನೆಲದಲ್ಲಿ ಕೂತರೆ ಏಳಲು ಆಗುತ್ತಿರಲಿಲ್ಲ, ಕುರ್ಚಿಯಲ್ಲಿ ಕೂತರೆ ಪಾದ ಊದುತ್ತಿತ್ತು. ಹಂಪಿನಗರದ ಲೈಬ್ರರಿಗೆ ಹೋಗುತ್ತಿದ್ದುದನ್ನೂ ಬಿಟ್ಟಿದ್ದೆ. ಒಂದು ದಿನ ದಿಂಬಿನ ಬಾಗನ್ನು ಗೋಡೆಗೆ ಒರಗಿಸಿ, ಒಳಗೆ ಕೂತು, ಎರಡೂ ತೋಳನ್ನು ಮುಂದಕ್ಕೆ ಎಳೆದುಕೊಂಡು ಮೇಲೆ ಪರೀಕ್ಷೆಯ ಪ್ಯಾಡ್ ಇಟ್ಟೆ. ಮೊಣಕೈಗೆ ಆಸರೆ, ಬೆನ್ನಿಗೆ ಆಸರೆ, ಕಾಲು ಚಾಚಲು ಮಂಚ. ಪುಸ್ತಕ ಸರಿಯಾಗಿ ಕಣ್ಣೆದುರಿಗೆ ಬಂತು. ಆವತ್ತು ಎರಡೂವರೆ ಗಂಟೆ ಏಳದೆ ಓದಿದೆ. ಮಗು ಒಳಗಿನಿಂದ ಪ್ಯಾಡ್ ಒದ್ದಾಗ ಪೆನ್ನು ಜಾರಿ ಬೇಡಿಕೆಯ ರೇಖೆ ಎಲ್ಲೆಲ್ಲೋ ಹೋಯಿತು. ಆ ನೋಟ್ಸ್ ಇನ್ನೂ ಇಟ್ಟಿದ್ದೇನೆ.

ಸೆಕೆಂಡ್ ಶಿಫ್ಟ್ ವಾರದಲ್ಲಿ ಇವರು ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿ ಮನೆ ಸೇರುವಾಗ ಹನ್ನೊಂದು. ಕೈಕಾಲು ತೊಳೆದು, ತಟ್ಟೆಗೆ ಅನ್ನ ಸಾರು ಬಡಿಸಿಕೊಂಡು ಬಂದು ಹೆಬ್ಬಾವಿನ ಒಂದು ತೋಳಿಗೆ ಒರಗುತ್ತಿದ್ದರು. ನಾನು ಅವರ ಜನರಲ್ ನಾಲೆಡ್ಜ್ ಪುಸ್ತಕ ಹಿಡಿದು ಪ್ರಶ್ನೆ ಕೇಳಬೇಕು.

"ಶಕ್ತಿ ಯೋಜನೆ ಶುರುವಾಗಿದ್ದು ಯಾವಾಗ?"

"2023, ಜೂನ್ 11. ದಿನಾ ಫ್ರೀ ಬಸ್ಸಲ್ಲಿ ಓಡಾಡೋಳು ನೀನು, ಪ್ರಶ್ನೆ ನನಗಾ?"

"ಸರಿ, ಬೆಂಗಳೂರು ವಿಶ್ವವಿದ್ಯಾಲಯ ಶುರುವಾಗಿದ್ದು?"

ಉತ್ತರ ಇಲ್ಲ. ತಿರುಗಿ ನೋಡಿದರೆ ತಟ್ಟೆ ತೊಡೆಯ ಮೇಲೆ, ಬಾಯಿ ತೆರೆದು ನಿದ್ದೆ. 1964 ಅಂತ ನಾನೇ ಹೇಳಿಕೊಂಡು ತಟ್ಟೆ ಎತ್ತಿಡುತ್ತಿದ್ದೆ. ಒಂದೂವರೆ ಅಡಿಯ ಜಗಳ ಆಡಿದ ದಿಂಬೇ ಇಬ್ಬರಿಗೂ ಸೋಫಾ ಆಗಿತ್ತು. ಅಂದಹಾಗೆ ಸಾರಿನ ಕಲೆ ವೆಲ್ವೆಟ್‌ನಿಂದ ಹೋಗುವುದಿಲ್ಲ. ಕಡು ಬಣ್ಣದ್ದೇ ತಗೊಳ್ಳಿ.

ವೆಲ್ವೆಟ್ಟಿನ ಮೇಲೆ ನನಗೆ ಇನ್ನೂ ದೂರಿದೆ. ಡಿಸೆಂಬರ್ ಚಳಿಗೆ ಅದು ಸ್ವರ್ಗ. ಜನವರಿಯಲ್ಲಿ ಸೀಮಂತ ಆಯಿತು, ಎರಡು ಕೈ ತುಂಬ ಹಸಿರು ಗಾಜಿನ ಬಳೆ ತೊಡಿಸಿದರು. ಆ ರಾತ್ರಿಯೇ ಒಂದು ಬಳೆ ಒಡೆದು ಚೂರು ಕವರಿನ ಜುಂಗಿನಲ್ಲಿ ಸಿಕ್ಕಿಕೊಂಡಿತು. ಟಾರ್ಚ್ ಹಿಡಿದು ಇಬ್ಬರೂ ಅರ್ಧ ಗಂಟೆ ಹುಡುಕಿದೆವು. ಮಾರ್ಚ್ ಬರುತ್ತಿದ್ದ ಹಾಗೆ ಸೆಕೆ. ಮೈಗೆ ಮೂರು ಕಡೆಯಿಂದ ವೆಲ್ವೆಟ್ ಸುತ್ತಿಕೊಂಡಿದ್ದರೆ ಫ್ಯಾನು ಐದರಲ್ಲಿದ್ದರೂ ಬೆವರು. ಕತ್ತಿನಲ್ಲಿ ಬೆವರುಸಾಲೆ ಎದ್ದಿತು. ಕಂಪನಿಯಲ್ಲಿ ಕಾಟನ್ ಕವರ್ ಬೇರೆ ಸಿಗುತ್ತದೆ, 700 ರೂಪಾಯಿ. ಅಷ್ಟರಲ್ಲಿ ಬಾಣಂತನಕ್ಕೆ ಅಂತ ಅಮ್ಮ ಬಂದರು. ನನ್ನ ಓದಿನ ದೆಸೆಯಿಂದ ನಾನು ತವರಿಗೆ ಹೋಗುವ ಬದಲು ತವರೇ ವಿಜಯನಗರಕ್ಕೆ ಬಂದಿತ್ತು. ಅಮ್ಮ ತಮ್ಮ ಹಳೇ ಕಾಟನ್ ಸೀರೆ ಬಿಚ್ಚಿ, ನಮ್ಮ ಬೀದಿ ಟೈಲರಿಗೆ ವೆಲ್ವೆಟ್ ಕವರನ್ನೇ ಅಳತೆಗೆ ಕೊಟ್ಟು ಹೊಲಿಸಿದರು. 200 ರೂಪಾಯಿ. "ನಾನು ಮೊದಲೇ ಹೇಳಿರಲಿಲ್ವಾ, ಸೀರೆ ಸಾಕು ಅಂತ" ಅಂದರು. ಈಗಲೂ ಅದೇ ಕವರ್.

ಪರೀಕ್ಷೆ ಫೆಬ್ರವರಿಯಲ್ಲಿತ್ತು. ಮೂರು ಗಂಟೆ ಮರದ ಬೆಂಚು. ದಿಂಬನ್ನು ಅಲ್ಲಿಗೆ ಒಯ್ಯಲು ಆಗಲ್ಲ ಅಲ್ವಾ. ಬರೆದೆ, ಪಾಸಾದೆ. ಏಪ್ರಿಲ್ ಮೊದಲ ವಾರ ಮಗಳು ಹುಟ್ಟಿದಳು.

ಹಾಲೂಡಿಸುವಾಗ ಇದರ ಉಪಯೋಗ ಮಧ್ಯಮ. ಬೆನ್ನಿಗೆ ಒರಗಲು ಒಳ್ಳೆಯದು. ಮಗುವನ್ನು ತೋಳಿನ ಮೇಲಿಟ್ಟುಕೊಂಡರೆ ಮೊದಲ ತಿಂಗಳು ಎತ್ತರ ಸಾಲಲಿಲ್ಲ, ಕೆಳಗೆ ಮಡಚಿದ ಬೆಡ್‌ಶೀಟ್ ಕೊಡಬೇಕಾಯಿತು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಯಾವ ಕಾರಣಕ್ಕೂ ಮಗುವನ್ನು ಇದರೊಳಗೆ ಮಲಗಿಸಬೇಡಿ. ಗೂಡಿನ ಹಾಗೆ ಕಾಣುತ್ತದೆ, ಫೋಟೋಗೆ ಮುದ್ದಾಗಿರುತ್ತದೆ. ಮೆತ್ತನೆಯ ದಿಂಬಿಗೆ ಕೂಸಿನ ಮೂಗು ಒತ್ತಿಕೊಂಡರೆ ಅದಕ್ಕೆ ಮುಖ ತಿರುಗಿಸಲು ಬರುವುದಿಲ್ಲ, ಉಸಿರು ಕಟ್ಟುತ್ತದೆ. ಸಮತಟ್ಟಾದ ಗಟ್ಟಿ ಹಾಸಿಗೆ, ಅಂಗಾತ, ಸುತ್ತ ಏನೂ ಇರಬಾರದು ಅಂತ ಆಸ್ಪತ್ರೆಯ ನರ್ಸ್ ಎರಡು ಸಲ ಹೇಳಿ ಕಳಿಸಿದ್ದರು. ಹಾಲು ಕುಡಿಯುತ್ತಾ ಮಗಳು ನಿದ್ದೆಹೋದರೆ ಎತ್ತಿ ಬೇರೆ ಮಲಗಿಸುತ್ತಿದ್ದೆ. ನನಗೇ ತೂಕಡಿಕೆ ಬಂದರೆ ಅಮ್ಮನ ಕೈಗೆ ಕೊಡುತ್ತಿದ್ದೆ.

ಒಗೆಯುವ ಕಥೆ ದೊಡ್ಡದು. ಕವರ್ ಸುಲಭ. ಒಳಗಿನ ದಿಂಬನ್ನು ಒಗೆಯಬಹುದು ಅಂತ ಚೀಟಿಯಲ್ಲಿ ಬರೆದಿತ್ತು, ನಂಬಿದೆ. ಸೆಪ್ಟೆಂಬರಿನಲ್ಲಿ ಮಗಳು ಅದರ ಮೇಲೆ ಎರಡು ದಿನ ಸಾಲಾಗಿ ಹಾಲು ಕಕ್ಕಿದಳು. ನಮ್ಮ ಆರೂವರೆ ಕೆಜಿ ಮೆಷಿನ್ನಿನೊಳಗೆ ಅದು ಅರ್ಧವೂ ಹೋಗಲಿಲ್ಲ. ಬಾತ್‌ರೂಮಿನಲ್ಲಿ ಹಾಕಿ ಇವರು ಕಾಲಿನಿಂದ ತುಳಿದರು, ದ್ರಾಕ್ಷಿ ತುಳಿಯುವವರ ಥರ. ನೀರು ಕುಡಿದ ಮೇಲೆ ಅದನ್ನು ಎತ್ತಲು ಇಬ್ಬರು ಬೇಕಾಯಿತು. ಮಹಡಿಗೆ ಸಾಗಿಸಿ ಹಗ್ಗಕ್ಕೆ ಹಾಕಿದೆವು, ಹಗ್ಗ ಹರಿಯಿತು. ಕೊನೆಗೆ ನೀರಿನ ಟ್ಯಾಂಕಿಗೆ ಒರಗಿಸಿದೆವು. ಬೆಂಗಳೂರಿನ ಸೆಪ್ಟೆಂಬರ್ ಹೇಗಿರುತ್ತೆ ಗೊತ್ತಲ್ಲ, ಮಧ್ಯಾಹ್ನ ಬಿಸಿಲು, ನಾಲ್ಕಕ್ಕೆ ಮಳೆ. ದಿನಕ್ಕೆ ಎರಡು ಸಲ ಓಡಿ ಒಳಗೆ ತರೋದು, ಹೊರಗೆ ಹಾಕೋದು. ಒಣಗಲು ಐದು ದಿನ ಹಿಡಿಯಿತು. ಆಮೇಲೂ ಒಂದು ವಾರ ಮುಗ್ಗಲು ವಾಸನೆ.

ಫೈಬರ್ ಗಂಟುಗಂಟಾಯಿತು. ಓನರ್ ಆಂಟಿ ಒಂದು ಸಂಜೆ ಕೂತು ಬಟ್ಟೆಯ ಮೇಲಿಂದಲೇ ಹಿಸುಕಿ ಹಿಸುಕಿ ಬಿಡಿಸಿಕೊಟ್ಟರು. "ನಮ್ಮ ಕಾಲದಲ್ಲಿ ಹತ್ತಿ ಹಿಂಜೋರು ಬಿಲ್ಲು ಹಿಡ್ಕೊಂಡು ಬೀದಿಗೇ ಬರ್ತಿದ್ರು, ಗಂಟಾದ್ರೆ ಬಿಚ್ಚಿ ಹಿಂಜಿ ಮತ್ತೆ ತುಂಬೋರು. ಇದನ್ನ ಯಾರು ಹಿಂಜ್ತಾರೆ?" ಅಂದರು. ಅದು ಸರಿಯಾದ ಪ್ರಶ್ನೆ. ನೀವು ಕೊಳ್ಳುವುದಾದರೆ ಒಳಚೀಲಕ್ಕೂ ಜಿಪ್ ಇರುವುದನ್ನೇ ನೋಡಿ. ಬೇಕಾದಾಗ ಫೈಬರ್ ಹೊರಗೆ ತೆಗೆದು ಬಿಡಿಸಬಹುದು, ಹೊಸದು ತುಂಬಬಹುದು. ನಮ್ಮದರಲ್ಲಿ ಒಳಚೀಲಕ್ಕೆ ಹೊಲಿಗೆ ಹಾಕಿಬಿಟ್ಟಿದ್ದಾರೆ. ಆಕಾರ, ಬಣ್ಣ ನೋಡುವುದಕ್ಕಿಂತ ಮೊದಲು ಇದನ್ನು ನೋಡಬೇಕಿತ್ತು.

14 ತಿಂಗಳ ನಂತರ ಈಗ ಬಲತೋಳು ಚಪ್ಪಟೆ, ಎಡತೋಳು ಪರವಾಗಿಲ್ಲ. ತಲೆಯ ಕಡೆ ಇನ್ನೂ ಗಟ್ಟಿಯಾಗಿದೆ. ನಾಲ್ಕನೇ ಸೆಮಿಸ್ಟರಿಗೂ ಅದರಲ್ಲೇ ಕೂತು ಓದಿದೆ, ಒಂದು ಕಾಲಲ್ಲಿ ತೊಟ್ಟಿಲು ತೂಗುತ್ತಾ. ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಜಿಪ್ಪಿಗೆ ಕಳೆದೆ, ಒಂದು ಒಗೆತಕ್ಕೆ. ಇಬ್ಬರೂ ಒಂದೇ ಮಂಚದಲ್ಲಿ ಮಲಗಬೇಕು, ಮಂಚ ಐದು ಅಡಿಗಿಂತ ಕಮ್ಮಿ ಅಂದರೆ ಸಿ ಆಕಾರದ್ದು ತಗೊಳ್ಳಿ. ತಗೊಳ್ಳುವುದಾದರೆ ಐದನೇ ತಿಂಗಳಲ್ಲೇ ತಗೊಳ್ಳಿ, ಎಂಟರಲ್ಲಿ ತಗೊಂಡರೆ ಅಷ್ಟು ದುಡ್ಡಿಗೆ ಎರಡೇ ತಿಂಗಳ ಸುಖ.

ಕ್ಲಾಸ್‌ಮೇಟ್ ಒಬ್ಬಳಿಗೆ ಈಗ ನಾಲ್ಕು ತಿಂಗಳು. ಹೆಬ್ಬಾವನ್ನು ಕೊಡ್ತೀಯಾ ಅಂತ ಕೇಳಿದಳು. ಕೊಡೋಣ ಅಂದರೆ ಇವರು ಒಪ್ಪುತ್ತಿಲ್ಲ. ನೈಟ್ ಶಿಫ್ಟ್ ಮುಗಿಸಿ ಬೆಳಗ್ಗೆ ಬಂದವರು ನೇರ ಅದರೊಳಗೆ ತೂರಿಕೊಂಡು ಮಧ್ಯಾಹ್ನದವರೆಗೆ ಏಳುವುದಿಲ್ಲ. ಮಗಳು ಮಂಚದ ಅಂಚು ಹಿಡಿದು ನಿಂತು ಅವರ ಮೂಗು ಎಳೆಯುತ್ತಾಳೆ.