ಜಿನ್ಸೆಂಗಾ, ಅಶ್ವಗಂಧವಾ?

ಸುಸ್ತಿಗೆ ಯಾವುದು ಅಂತ ಕೇಳಿದ್ದೀರಿ. ಕಲಬುರಗಿಯಲ್ಲಿ ಅಶ್ವಗಂಧದ ಪುಡಿ ಗ್ರಂಥಿಗೆ ಅಂಗಡಿಯಲ್ಲೇ ಸಿಗುತ್ತದೆ, ಬೆಲೆಯೂ ಕಡಿಮೆ. ಒಣ ನೆಲದಲ್ಲಿ ಕೆಲವೇ ತಿಂಗಳಲ್ಲಿ ಬರುವ ಬೆಳೆ ಅದು. ಜಿನ್ಸೆಂಗ್ ಕೊರಿಯಾ, ಚೀನಾ ಕಡೆಯ ತಂಪು ನೆರಳಿನ ಗಿಡ. ಒಳ್ಳೆಯ ಬೇರಿಗೆ 4ರಿಂದ 6 ವರ್ಷ ಕಾಯಬೇಕು. ದುಬಾರಿ ಆಗದೆ ಇನ್ನೇನು? ಆನ್‌ಲೈನಿನಲ್ಲಿ ತೀರಾ ಅಗ್ಗಕ್ಕೆ ಸಿಕ್ಕರೆ ನನಗಂತೂ ಅನುಮಾನ.

ಟೆನ್ಷನ್, ನಿದ್ದೆಗೇಡು ಇರುವವರಿಗೆ ಅಶ್ವಗಂಧ ವಾಸಿ. ಹಗಲು ಚುರುಕು ಬೇಕೆಂದರೆ ಜಿನ್ಸೆಂಗ್, ಅದೂ ಬೆಳಗ್ಗೆ; ಕೆಲವರಿಗೆ ಅದರಿಂದ ನಿದ್ದೆ ಕೆಡುತ್ತದೆ. ಎರಡರಿಂದಲೂ ಪವಾಡ ನಿರೀಕ್ಷಿಸಬೇಡಿ.

ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಶುಗರ್ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಜಿನ್ಸೆಂಗ್ ಮುಟ್ಟಬಾರದು. ಥೈರಾಯ್ಡ್, ಲಿವರ್ ತೊಂದರೆ ಇದ್ದರೆ ಅಶ್ವಗಂಧಕ್ಕೂ ಅದೇ ಮಾತು. ಬಸುರಿಯರಿಗೆ ಎರಡೂ ಬೇಡ.