ಎಕ್ಸ್‌ಪ್ಲೇನ್ 12: ಮೇಲೆ ಹಾರ್ತಿರುವಾಗ ಇಂಜಿನ್ ಬಂದ್ ಬಿದ್ರೆ ಎಂತ ಮಾಡೂದು, ಕಲೀಬೇಕಾದ್ರೆ ಇದು ತಗೊಳ್ಳಿ

ಕಂಪ್ಯೂಟರಲ್ಲಿ ವಿಮಾನ ಹಾರಿಸೋ ಈ ಫ್ಲೈಟ್ ಸಿಮ್ಯುಲೇಟರ್ ಬಗ್ಗೆ ಬರೆಯೋರೆಲ್ಲ ಮೋಡ ಹೆಂಗೆ ಕಾಣ್ತದೆ, ಗ್ರಾಫಿಕ್ಸ್ ಹೆಂಗಿದೆ ಅಂತಲೇ ಬರೀತಾರೆ. ನನಗೆ ದುಡ್ಡು ವಸೂಲಾಗಿದ್ದು ಅದ್ರಲ್ಲಿರೋ ಫೇಲ್ಯೂರ್ಸ್ ಅನ್ನೋ ಸೆಟ್ಟಿಂಗಲ್ಲಿ. ಇಷ್ಟು ಎತ್ತರಕ್ಕೆ ಹೋದ್ಮೇಲೆ ಇಂಜಿನ್ ಬಂದ್ ಆಗ್ಲಿ ಅಂತ ಮೊದ್ಲೇ ಇಟ್ಕೊಳ್ಬಹುದು, ಇಲ್ಲಾ ಯಾವಾಗ ಬೇಕಾದ್ರೂ ಆಗ್ಲಿ ಅಂತ ಬಿಟ್ಬಿಡ್ಬಹುದು, ಹಾಗೆ ಬಿಟ್ರೇನೇ ನಿಜವಾದ ಪ್ರಾಕ್ಟೀಸು.

ನಮ್ಮ ಅಣ್ಣನ ಮಗನಿಗೆ ಪೈಲಟ್ ಆಗೋ ಹುಚ್ಚು, ಅವನಿಗೋಸ್ಕರ ಹಾಕಿಸಿದ್ದು. ಕಾರವಾರದಲ್ಲಿ ಇನ್ನೂ ನಾಗರಿಕ ವಿಮಾನ ನಿಲ್ದಾಣ ಇಲ್ಲ, ಅಂಕೋಲಾದ ಅಲಗೇರಿ ಹತ್ರ ಆಗ್ಬೇಕು, ಹಾಗಾಗಿ ನಾವು ಗೋವಾದ ದಾಬೋಲಿಯಿಂದ ಸೆಸ್ನಾ 172 ಅನ್ನೋ ಸಣ್ಣ ವಿಮಾನ ಎತ್ಕೊಂಡು ಕಡಲ ದಂಡೆ ಹಿಡ್ಕೊಂಡೇ ದಕ್ಷಿಣಕ್ಕೆ ಬರ್ತೇವೆ, ಮಾಜಾಳಿ ದಾಟಿ ಸದಾಶಿವಗಡ, ಎಡಕ್ಕೆ ಕಾಳಿ ನದಿ, ಬಲಕ್ಕೆ ಕುರ್ಮಗಡ ದ್ವೀಪ. ಒಂದಿನ ಅಲ್ಲೇ 3000 ಅಡಿಯಲ್ಲಿ ಇಂಜಿನ್ ಹೋಯ್ತು. ಶಬ್ದ ಥಟ್ಟಂತ ಕಡಿಮೆಯಾಗಿ ಬರೀ ಗಾಳಿ ಸದ್ದು, ಪ್ರೊಪೆಲ್ಲರ್ ಮಾತ್ರ ಗಾಳಿ ಹೊಡ್ತಕ್ಕೆ ಸುಮ್ನೆ ತಿರುಗ್ತಾ ಇರ್ತದೆ. ಹುಡುಗ ಎತ್ತರ ಕಳ್ಕೊಳ್ಬಾರ್ದು ಅಂತ ಸ್ಟಿಕ್ ತನ್ನ ಕಡೆ ಎಳೆದ, ಸ್ಪೀಡ್ ಗಂಟೆಗೆ ಸುಮಾರು 93 ಕಿಲೋಮೀಟರ್, ಅಂದ್ರೆ 50 ನಾಟ್‌ಗಿಂತ ಕೆಳಗೆ ಬಂತು, ಸ್ಪೀಡ್ ಸಾಲದೆ ರೆಕ್ಕೆ ವಿಮಾನ ಎತ್ತಿ ಹಿಡಿಯೋದು ಬಿಡ್ತದೆ ಅಂತ ಎಚ್ಚರಿಸೋ ಸ್ಟಾಲ್ ಹಾರ್ನ್ ಕೂಗಿತು, ಒಂದು ರೆಕ್ಕೆ ವಾಲಿ ವಿಮಾನ ಸೀದಾ ಕೆಳಗೆ.

"ಎಳೀಬೇಡ ಮಾರಾಯ, ಮುಂದೆ ಒತ್ತು" ಅಂದೆ. "ಮೂತಿ ಕೆಳಗೆ ಹಾಕಿದ್ರೆ ಇನ್ನೂ ಬೇಗ ಬೀಳೂದಿಲ್ವಾ ಚಿಕ್ಕಪ್ಪ?" ಅಂತ ಕೇಳ್ದ.

ಈ ಪ್ರಶ್ನೆ ಎಲ್ರಿಗೂ ಬರ್ತದೆ. ಇಂಜಿನ್ ಆಫ್ ಮಾಡಿ ಬೈಕಲ್ಲಿ ದೇವಿಮನೆ ಘಾಟಿ ಇಳಿದ್ರೆ ಇಳಿಜಾರೇ ಸ್ಪೀಡ್ ಕೊಡ್ತದಲ್ಲ, ವಿಮಾನಕ್ಕೂ ಇರೋ ಎತ್ತರವೇ ಪೆಟ್ರೋಲು, ಮೂತಿ ಕೆಳಗೆ ಹಾಕಿದ್ರೆ ಅದೇ ಸ್ಪೀಡಾಗ್ತದೆ, ಆ ಸ್ಪೀಡಿದ್ರೇನೇ ರೆಕ್ಕೆ ವಿಮಾನವನ್ನ ಹೊರ್ತದೆ. ಈ ಸೆಸ್ನಾಕ್ಕೆ 68 ನಾಟ್ ಹಿಡಿದ್ರೆ 1000 ಅಡಿ ಇಳಿಯೋದ್ರೊಳಗೆ ಹೆಚ್ಚುಕಡಿಮೆ ಎರಡೂವರೆ ಕಿಲೋಮೀಟರ್ ಮುಂದೆ ಹೋಗ್ತದೆ, ಅಂದ್ರೆ 3000 ಅಡಿಯಿಂದ ಏಳೆಂಟು ಕಿಲೋಮೀಟರ್. ಗಾಳಿ ಎದುರಿದ್ರೆ ಅಷ್ಟೂ ಸಿಗೂದಿಲ್ಲ. ಸಮುದ್ರದ ಮೇಲೆ ಎಷ್ಟು ಒಳಗೆ ಹೋಗ್ಬಹುದು ಅನ್ನೋ ಲೆಕ್ಕ ಇದ್ರಲ್ಲೇ ಬಂತು, ದಂಡೆ ಕೈಗೆ ಸಿಗೋ ಹಾಗೇ ಹಾರ್ಬೇಕು.

ಸ್ಪೀಡ್ ಹಿಡಿದು ಇಳಿಯೋ ಜಾಗ ನೋಡ್ಕೊಂಡ್ಮೇಲೆ ಕಾರಣ ಹುಡುಕೂದು, ಎರಡೂ ರೆಕ್ಕೆ ಟ್ಯಾಂಕಿಂದ ಪೆಟ್ರೋಲು ಬರೋ ಹಾಗೆ ಫ್ಯುಯಲ್ ಸೆಲೆಕ್ಟರ್ ಬೋತ್‌ನಲ್ಲಿ ಇದೆಯಾ, ಗಾಳಿಗೆ ಪೆಟ್ರೋಲು ಹೆಚ್ಚು ಸೇರೋ ಹಾಗೆ ಮಿಕ್ಸ್ಚರ್ ರಿಚ್ ಇದೆಯಾ, ಫ್ಯುಯಲ್ ಪಂಪ್ ಆನ್. ಟ್ಯಾಂಕ್ ಖಾಲಿಯಾಗಿ ಇಲ್ಲಾ ಪೆಟ್ರೋಲಲ್ಲಿ ನೀರು ಸೇರಿ ಇಂಜಿನ್ ನಿಲ್ಲೂದು ನಿಜವಾಗ್ಲೂ ಆಗ್ತದೆ. ಹಳೇ ಕಾರ್ಬ್ಯುರೇಟರ್ ಇಂಜಿನ್‌ಗಳಲ್ಲಿ ಇನ್ನೊಂದು ತೊಂದ್ರೆ, ನಮ್ಮ ಕರಾವಳಿ ಹಾಗೆ ತೇವದ ಗಾಳಿ ಇದ್ರೆ ಹೊರಗೆ 20 ಡಿಗ್ರಿ ಇದ್ರೂ ಕಾರ್ಬ್ಯುರೇಟರ್ ಒಳಗೆ ಐಸ್ ಕಟ್ತದೆ.

ಟೇಕಾಫ್ ಆದ ಕೂಡ್ಲೇ ಬಂದ್ ಆಗೂದನ್ನ ತಪ್ಪದೆ ಹಾಕಿ ನೋಡಿ. ರನ್‌ವೇ ಹಿಂದೆನೇ ಇದೆ ಅಂತ ತಿರುಗಿಸೋಕೆ ಹೋದ್ರೆ ತಿರುವಲ್ಲೇ ಎತ್ತರನೂ ಹೋಗ್ತದೆ ಸ್ಪೀಡೂ ಹೋಗ್ತದೆ, ನಿಜವಾದ ಆಕ್ಸಿಡೆಂಟ್‌ಗಳಲ್ಲಿ ಎಷ್ಟೋ ಜನ ಸತ್ತಿದ್ದು ಹೀಗೇ. ಕಡಿಮೆ ಎತ್ತರದಲ್ಲಿದ್ರೆ ಎದುರಿಗೆ ಗದ್ದೆ ಇರ್ಲಿ ಮರಳಿರ್ಲಿ ಅಲ್ಲೇ ಇಳಿಸ್ಬೇಕು. 2023ರ ಮೇನಲ್ಲಿ ಬೆಳಗಾವಿ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನ ತಾಂತ್ರಿಕ ತೊಂದ್ರೆಯಾಗಿ ಹೊನ್ನಿಹಾಳ ಹತ್ರ ಹೊಲದಲ್ಲಿ ಇಳೀತಲ್ಲ, ಒಳಗಿದ್ದ ಇಬ್ಬರೂ ಬದುಕಿದ್ರು.

ಮನೇಲಿ ಕೂತು ಆಡುವಾಗ ಜೀವದ ಹೆದರಿಕೆ ಇರೂದಿಲ್ಲ, ಹಾಗಾಗಿ ಇದು ಫ್ಲೈಯಿಂಗ್ ಸ್ಕೂಲಿಗೆ ಬದಲಿ ಅಲ್ಲ. ಆದ್ರೆ ಕೈ ಮುಂದಕ್ಕೆ ಒತ್ತೋ ಅಭ್ಯಾಸ ಆಗ್ತದೆ, ಹುಡುಗ ಈಗ ಮಾಜಾಳಿ ಬೀಚಲ್ಲಿ ನೀರಂಚಿನ ಗಟ್ಟಿ ಮರಳು ನೋಡಿ ಇಳಿಸ್ತಾನೆ. ಕೀಬೋರ್ಡಲ್ಲಿ ಮಾತ್ರ ಆಡ್ಬೇಡಿ, ಸಾದಾ ಜಾಯ್‌ಸ್ಟಿಕ್ ಆದ್ರೂ ಬೇಕೇ ಬೇಕು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ಆದ್ರೆ ಮೊದ್ಲು ಫ್ರೀ ಡೆಮೊ ಹಾಕಿ ಓಡ್ತದಾ ನೋಡಿ, ಆಮೇಲೆ ದುಡ್ಡು ಕೊಡಿ.