ಆಂಡ್ರಾಯ್ಡ್ ಬಿಟ್ಟು ಐಫೋನಾ, ಐಫೋನ್ ಬಿಟ್ಟು ಆಂಡ್ರಾಯ್ಡಾ?

ಫೋಟೋ, ಕಾಂಟ್ಯಾಕ್ಟ್ ಯಾವ ಕಡೆ ಹೋದ್ರೂ ಆರಾಮಾಗಿ ಬರುತ್ತೆ, ತಲೆ ಕೆಡಿಸ್ಕೋಬೇಡಿ. ರಗಳೆ ಇರೋದು ವಾಟ್ಸಾಪ್ ಚಾಟಲ್ಲಿ. ಆಂಡ್ರಾಯ್ಡಲ್ಲಿ ಬ್ಯಾಕಪ್ ಗೂಗಲ್ ಅಕೌಂಟಿಗೆ ಹೋಗುತ್ತೆ, ಐಫೋನಲ್ಲಿ ಆಪಲ್‌ದೇ ಆನ್‌ಲೈನ್ ಸ್ಟೋರೇಜ್ ಐಕ್ಲೌಡಿಗೆ, ಇದರದ್ದು ಅದರಲ್ಲಿ ರಿಸ್ಟೋರ್ ಆಗಲ್ಲ, ಹಾಗಾಗಿ ಐಫೋನಿಗೆ ಹೋಗೋರು ಹೊಸ ಫೋನ್ ಸೆಟಪ್ ಮಾಡೋವಾಗ್ಲೇ ಹಳೇ ಆಂಡ್ರಾಯ್ಡಲ್ಲಿ ಹಾಕ್ಕೊಳ್ಳೋ ಆಪಲ್‌ನ 'ಮೂವ್ ಟು ಐಒಎಸ್' ಆ್ಯಪಲ್ಲಿ ವಾಟ್ಸಾಪನ್ನೂ ಸೆಲೆಕ್ಟ್ ಮಾಡ್ಕೊಂಡ್ಬಿಡಿ, ಆಮೇಲೆ ನೋಡೋಣ ಅಂತ ಬಿಡ್ಬೇಡಿ. ಐಫೋನ್ ಬಿಡೋರು ಸಿಮ್ ತೆಗೆಯೋ ಮುಂಚೆ ಐಮೆಸೇಜ್ (ಆಪಲ್‌ದೇ ಮೆಸೇಜ್ ಸರ್ವಿಸ್) ಆಫ್ ಮಾಡಿ, ಇಲ್ಲಾಂದ್ರೆ ಬೇರೆ ಐಫೋನಿನೋರು ಕಳಿಸಿದ ಮೆಸೇಜ್ ನಿಮಗೆ ಬರದೇನೇ ಹೋಗ್ಬಹುದು. ಆನ್‌ಲೈನಲ್ಲಿ ಫ್ರೀ ಸ್ಟೋರೇಜ್ ಗೂಗಲ್‌ದು 15 ಜಿಬಿ, ಆಪಲ್‌ದು ಬರೀ 5 (ಜಿಪುಣತನಕ್ಕೂ ಒಂದು ಮಿತಿ ಬೇಡ್ವಾ). ದುಡ್ಡು ಕೊಟ್ಟು ತಗೊಂಡ ಆ್ಯಪ್ ಸಾಮಾನ್ಯವಾಗಿ ಮತ್ತೆ ತಗೋಬೇಕು. ಫೋನಲ್ಲಿ ಏನಾದ್ರೂ ಕೆದಕ್ತಾ ಇರೋ ಚಟ ಇದ್ರೆ ಆಂಡ್ರಾಯ್ಡೇ ಸರಿ, ಸೆಟ್ಟಿಂಗ್ಸ್ ಮುಟ್ಟೋಕೂ ಬೇಜಾರು ಅನ್ನೋರಿಗೆ ಐಫೋನು.